ಮೂರು ದಿನದ ಮುಯ್ಯಿ

ಶ್ರಾವಣ ಮುಗಿಯುತ್ತ ಬಂದಿತ್ತು. ಅಸೂಟಿಯ ಎರೆಹೊಲಗಳಲ್ಲಿ ಹೆಸರುಕಾಯಿ ಕರ್ರಗಾಗಿ ನಿಂತಿದ್ದವು. ಕಾಯಿ ಒಣಗಿದ ಮೇಲೆ ಹೆಸರು ಯಾರಿಗಾಗಿಯೂ ಕಾಯುವುದಿಲ್ಲ. ಬಿಸಿಲೇರಿದರೆ ಸಿಡಿದು ನೆಲಕ್ಕೆ ಉದುರುತ್ತದೆ, ಮಳೆ ಹಿಡಿದರೆ ಕಾಯಿಯೊಳಗೇ ಮೊಳಕೆ ಬರುತ್ತದೆ. ಹಾಗಾಗಿ ಆ ಹದಿನೈದು ದಿನ ಊರಿನ ಹೆಂಗಸರು ಸೊಂಟ ನೆಟ್ಟಗೆ ಮಾಡುವುದಿಲ್ಲ. ನಸುಕಿನಲ್ಲಿ ರೊಟ್ಟಿ ಬಡಿದು ಬುತ್ತಿ ಕಟ್ಟಿಕೊಂಡು ಹೋದರೆ, ಉಡಿ ತುಂಬ ಕಾಯಿ ಬಿಡಿಸಿ, ಚೀಲಕ್ಕೆ ಸುರಿದು, ಮತ್ತೆ ಬಗ್ಗುವುದು. ಸಂಜೆ ಮನೆಗೆ ಬಂದಾಗ ಬೆರಳ ತುದಿ ಕಪ್ಪಾಗಿರುತ್ತವೆ.

ಕೂಲಿಯವರು ಆ ದಿನಗಳಲ್ಲಿ ಸಿಗುವುದಿಲ್ಲ. ಸಣ್ಣ ಹೊಲದವರಿಗೆ ಮುಯ್ಯಿಯೇ ಗತಿ. ಇವತ್ತು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಇಷ್ಟೇ. ಅದಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ. ಕಳಕವ್ವ ಮತ್ತು ಅವಳ ಗೋಡೆಯಾಚೆಯ ಬಾನುಬಿ ಹನ್ನೆರಡು ವರ್ಷದಿಂದ ಹೀಗೆ ಒಬ್ಬರಿಗೊಬ್ಬರು ಕೈಯಾಗಿ ಬಂದವರು.

ಆ ವರ್ಷ ಕಳಕವ್ವನ ಹೊಲ ಮೊದಲು ಬಲಿಯಿತು. ಬಾನುಬಿ ಮೂರು ದಿನ ಬಂದು ಬಿಡಿಸಿದಳು. ಮೂರನೆಯ ದಿನ ಅವಳ ಕೈ ನಿಧಾನವಾಗಿತ್ತು.

"ಯಾಕ ಬಾನುಬಿ, ಇವತ್ತ ಕೈ ಓಡವಲ್ವು?"

"ನಿದ್ದಿ ಇಲ್ಲ ಕಳಕಕ್ಕಾ." ಉಡಿಯ ಕಾಯಿ ಚೀಲಕ್ಕೆ ಸುರಿದು ಬಾನುಬಿ ಹೇಳಿದಳು. "ಅವರದು ಹತ್ತಿ ಧೂಳಿನ ಕೆಮ್ಮಲ್ಲಂತ. ಟಿಬಿ ಅಂತ. ರೋಣದ ದವಾಖಾನ್ಯಾಗ ಕಫ ನೋಡಿ ಹೇಳ್ಯಾರ. ಗುಳಿಗಿ ಚಾಲೂ ಆಗಿ ತಿಂಗಳ ಮ್ಯಾಲಾತು. ಕರಕೊಂಡ ಹೋದ ಮಾರ್ಥಕ್ಕನ್ನ ಬಿಟ್ರ ಯಾರಿಗೂ ಗೊತ್ತಿಲ್ಲ. ಈಗ ನಿನ್ನ ಮುಂದ ಹೇಳೀನಿ."

ಬಾನುಬಿಯ ಗಂಡ ಇಸ್ಮಾಯಿಲಸಾಬ ಪಿಂಜಾರ. ಹತ್ತಿ ಹಿಂಜಿ ಗಾದಿ ಹೊಲಿಯುವವನು. ಪಿಂಜಾರನಿಗೆ ಕೆಮ್ಮು ಬರದೆ ಮತ್ತೇನು ಎಂದು ಊರೆಲ್ಲ ನಗುತ್ತಿತ್ತು, ಅವನೂ ನಗುತ್ತಿದ್ದ. ಅಂಗಿ ಸಡಿಲಾದಾಗ, ಸಂಜೆಯಾದರೆ ಜ್ವರ ಬಂದು ಬೆವರಿದಾಗಲೂ ಧೂಳೆಂದೇ ತಿಳಿದಿದ್ದರು.

ಕಳಕವ್ವ "ಹೌದಾ" ಎಂದಳು. ಮುಂದಿನ ಸಾಲಿಗೆ ಹೋಗುವಾಗ ಬಾನುಬಿಯಿಂದ ಎರಡು ಸಾಲು ಬಿಟ್ಟು ನಿಂತಳು.

ಮನೆಗೆ ಬಂದು ಗಂಡ ಅರ್ಜುನಪ್ಪನಿಗೆ ಹೇಳಿದಳು. ಮರುದಿನ ನಳದ ಹತ್ತಿರ ಒಬ್ಬಳಿಗೆ ಹೇಳಿದಳು. ಹೇಳಬೇಕೆಂದೇನೂ ಇರಲಿಲ್ಲ, ಬಾಯಿಗೆ ಬಂತು. ಮಧ್ಯಾಹ್ನದ ಹೊತ್ತಿಗೆ ಓಣಿಗೆಲ್ಲ ಗೊತ್ತಾಗಿತ್ತು.

ಕಳಕವ್ವನ ಮನೆಯಲ್ಲಿ ಒಂದು ಗಾದಿಯಿತ್ತು. ಮಗಳು ದೇವಿಕಾ ಬಾಣಂತನಕ್ಕೆ ಬರುವ ಮೊದಲು ಇಸ್ಮಾಯಿಲಸಾಬ ಹೊಸ ಹತ್ತಿ ತುಂಬಿ ಹೊಲಿದು ಕೊಟ್ಟಿದ್ದು. ಮಗಳು ಕೂಸನ್ನು ಕರೆದುಕೊಂಡು ರಾಜೂರಿಗೆ ಹೋಗಿ ತಿಂಗಳಾಗಿತ್ತು. ಕಳಕವ್ವ ಆ ಗಾದಿಯನ್ನು ದರದರ ಎಳೆದುಕೊಂಡು ಹೋಗಿ ತಿಪ್ಪೆಯ ಮೇಲೆ ಒಗೆದಳು. ಅದರ ಮರುದಿನವೇ ಬಾನುಬಿಯ ಹೊಲದ ಪಾಳಿ. ಕಳಕವ್ವ ತಲೆನೋವೆಂದು ಹೇಳಿ ಕಳಿಸಿದಳು. ಬಾನುಬಿ ಯಾಕೆಂದು ಕೇಳಲಿಲ್ಲ. ಒಬ್ಬಳೇ ಬುತ್ತಿ ಕಟ್ಟಿಕೊಂಡು ಹೋದಳು.

ಅವತ್ತು ಹತ್ತರ ಸುಮಾರಿಗೆ ಮಾರ್ಥವ್ವ ಕುಂಟುತ್ತ ಬಂದಳು. ಅರವತ್ತು ದಾಟಿದ ಜೀವ. ಬೆಟಗೇರಿಯ ದವಾಖಾನೆಯೊಂದರಲ್ಲಿ ಮೂವತ್ತು ವರ್ಷ ಆಯಾ ಆಗಿ ದುಡಿದು, ಗಂಡ ತೀರಿದ ಮೇಲೆ ಊರಿಗೆ ಬಂದು ಕೂತವಳು. ಊರಲ್ಲಿ ಕ್ರಿಸ್ತರ ಮನೆ ಎರಡೇ. ಐತವಾರ ಬಸ್ಸು ಸಿಕ್ಕರೆ ರೋಣಕ್ಕೆ ಪ್ರಾರ್ಥನೆಗೆ ಹೋಗುವಳು, ಸಿಗದಿದ್ದರೆ ಮನೆಯಲ್ಲೇ ಕಣ್ಣುಮುಚ್ಚಿ ಕೂರುವಳು. ಇಸ್ಮಾಯಿಲಸಾಬನನ್ನು ಬೈದು ಕಫ ಪರೀಕ್ಷೆಗೆ ಕರೆದುಕೊಂಡು ಹೋದವಳೂ ಅವಳೇ, ದಿನಾ ಎದುರು ನಿಂತು ಗುಳಿಗೆ ನುಂಗಿಸುವವಳೂ ಅವಳೇ. ಕೈಯಲ್ಲಿ ಡಬ್ಬಿಯಿತ್ತು. ಅದರಲ್ಲಿ ಅವನಿಗೆಂದು ಎರಡು ಕುದಿಸಿದ ತತ್ತಿ, ಒಂದಿಷ್ಟು ಬೇಳೆ.

"ಇದೇನ ಕಳಕವ್ವಾ, ತಿಪ್ಪಿಗೆ ಹಾಸಿಗಿ ಹಾಸೀದಿ? ಮಲಗಾವ್ರ ಯಾರು, ಎಮ್ಮಿಯೋ ನಿನ್ನ ಗಂಡನೋ?"

"ನಗಬ್ಯಾಡ ಮಾರ್ಥಕ್ಕಾ. ಅದರ ಮ್ಯಾಲೆ ಹಸಗೂಸು ಮಲಗಿತ್ತು. ಆ ಮನಶ್ಯಾ ಕೆಮ್ಮಿಕೋತ ಹೊಲಿದಾನ."

"ಗಾದ್ಯಾಗಿಂದ ಟಿಬಿ ಬರೂದಿಲ್ಲ. ಗಂಗಾಳದಾಗಿಂದ ಬರೂದಿಲ್ಲ, ಅರಿವ್ಯಾಗಿಂದ ಬರೂದಿಲ್ಲ. ರೋಗ ಇದ್ದಾವ ಕೆಮ್ಮಿದ್ರ ಗಾಳ್ಯಾಗ ಬರತೈತಿ. ಕೂಸು ಅವನ ಹಂತ್ಯಾಕ ಎಂದಾರ ಇತ್ತೇನ?"

"ಇಲ್ಲ."

"ಮತ್ತ? ಆದರೂ ಜೀವ ತಡೀಲಿಲ್ಲಂದ್ರ ದವಾಖಾನಿ ಆಶಾ ಅಕ್ಕಗ ಕೇಳು, ತಪಾಸಣಿ ಮಾಡಸ್ತಾಳ. ರೊಕ್ಕ ಹತ್ತೂದಿಲ್ಲ. ಬಾನುಬಿದೂ ತಪಾಸಣಿ ಆಗೇತಿ. ಏನೂ ಇಲ್ಲ ಅಕೀಗೆ. ಗುಳಿಗಿ ಬಿಡಲಾರದ ತಗೊಂಡ್ರ ಇನ್ನೊಬ್ಬರಿಗೆ ಹತ್ತೂದೂ ಕಡಿಮಿ ಆಗತೈತಿ."

ಕಳಕವ್ವನಿಗೆ ಸೋತಂತಾಯಿತು. ಸೋತಾಗ ಬಾಯಿ ಬಿರುಸಾಗುವುದು ಅವಳ ಸ್ವಭಾವ. "ನಿನಗ್ಯಾಕ ಇಷ್ಟ ಉಸಾಬರಿ? ಅವರನ್ನ ನಿಮ್ಮ ಧರ್ಮಕ್ಕ ಸೇರಸಾಕೇನ? ಮಂದಿ ಅನ್ನಾಕತ್ತೈತಿ."

ಮಾರ್ಥವ್ವ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಮೊಳಕಾಲು ತಿಕ್ಕಿಕೊಂಡಳು. "ಗುಳಿಗಿ ಬಿಡಬ್ಯಾಡ ಅಂತ ಹೇಳತೀನವಾ. ನಮಾಜ ಬಿಡು ಅಂತ ಯಾವತ್ತೂ ಹೇಳಿಲ್ಲ. ಮಂದಿಗೆ ಇದನ್ನೂ ಹೇಳು, ಹೆಂಗೂ ನಿನ್ನ ಬಾಯಿಂದ ಲಗೂ ಮುಟ್ಟತೈತಿ."

ಕಳಕವ್ವನ ಮುಖ ಕೆಂಪಾಯಿತು.

"ಗಾದಿ ನಿನಗ ಬ್ಯಾಡ ಹೌದಲ್ಲೋ? ನಾ ಒಯ್ತೀನಿ. ನನ್ನ ಚಾಪಿ ಹರದೈತಿ."

ಮಾರ್ಥವ್ವ ಗಾದಿಯ ಸಗಣಿ ಝಾಡಿಸಿ, ಒಂದು ತುದಿ ಹಿಡಿದು ಎಳೆದಳು. ಓಣಿಯ ಬಾಗಿಲುಗಳಿಂದ ನಾಲ್ಕಾರು ಮುಖಗಳು ನೋಡಿದವು, ಯಾರೂ ಕೈ ಹಚ್ಚಲಿಲ್ಲ. ಅವಳು ಎರಡು ಕಡೆ ನಿಂತು ಉಸಿರು ತೆಗೆದುಕೊಂಡಳು. ಬಿಸಿಲಿಗೆ ಹಾಕಿ, ಒರೆಸಿ, ಅವತ್ತಿನಿಂದ ತನ್ನ ಮನೆಯ ಪಡಸಾಲೆಯಲ್ಲಿ ಎಲ್ಲರ ಕಣ್ಣೆದುರೇ ಅದರ ಮೇಲೆ ಮಲಗಿದಳು.

ಮರುದಿನವೂ ಕಳಕವ್ವ ಹೊಲಕ್ಕೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಬಿಸಿಲು ಸುಡುತ್ತಿತ್ತು. ಈ ಬಿಸಿಲಿಗೆ ಬಾನುಬಿಯ ಕಾಯಿ ಸಿಡಿಯುತ್ತಿರುತ್ತವೆ ಎಂದು ರೊಟ್ಟಿ ಬಡಿಯುವಾಗಲೂ ಅವಳಿಗೆ ನೆನಪಾಗುತ್ತಿತ್ತು. ಒಂದೂವರೆ ಎಕರೆ, ಒಬ್ಬಳೇ ಹೆಂಗಸು. ಇದ್ದೊಬ್ಬ ಮಗಳನ್ನು ನರಗುಂದಕ್ಕೆ ಕೊಟ್ಟಾಗಿತ್ತು. ಗಾದಿಯ ಕೆಲಸ ನಿಂತ ಮನೆಗೆ ಆ ವರ್ಷ ಇದ್ದದ್ದು ಆ ಹೆಸರೊಂದೇ.

ನಾಲ್ಕನೆಯ ದಿನ ಮಾರ್ಥವ್ವ ಬಂದು ಕರೆಯದೆಯೇ ಕಟ್ಟೆಯ ಮೇಲೆ ಕೂತಳು. ಡಬ್ಬಿ ತೆರೆದು ತೋರಿಸಿದಳು. ತತ್ತಿ ಹಾಗೇ ಇದ್ದವು.

"ಮೂರ ದಿನಾ ಆತು, ಇಸ್ಮಾಯಿಲಸಾಬ ಗುಳಿಗಿ ಮುಟ್ಟವಲ್ಲ. 'ನನ್ನ ಕೈಲೆ ಹೊಲಿದ ಗಾದಿ ತಿಪ್ಪಿ ಮ್ಯಾಲೆ ಬಿದ್ದದ್ದ ನೋಡೀನಿ, ಇನ್ನ ಬದುಕಿ ಯಾರಿಗೆ ಹೊಲೀಲಿ' ಅಂತಾನ. ಗ್ವಾಡಿ ಕಡೆ ಮುಖಾ ಮಾಡಿ ಮಲಗ್ಯಾನ."

ಕಳಕವ್ವ ಡಬ್ಬಿಯ ಮುಚ್ಚಳ ಹಾಕಿದಳು.

"ಆರ ತಿಂಗಳ ಬಿಡಲಾರದ ನುಂಗಬೇಕವಾ. ನಡುವ ಬಿಟ್ರ ರೋಗ ಗಟ್ಟಿ ಆಗತೈತಿ, ಆಮ್ಯಾಲೆ ಈ ಗುಳಿಗಿಗೆ ಬಗ್ಗೂದಿಲ್ಲ. ಬೆಟಗೇರ್ಯಾಗ ಅಂಥಾವ್ರನ್ನ ಕಣ್ಣಾರೆ ನೋಡೀನಿ." ಮಾರ್ಥವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಖರೇ ಹೇಳ್ಲಿ? ನನಗೂ ಸಾಕಾಗೇತಿ. ಇವತ್ತ ಮುಂಜಾನಿ ಮೊಳಕಾಲು ನೆಲಕ್ಕ ಊರಾಕ ಆಗಲಿಲ್ಲ. ಹೋಗೂದ ಬ್ಯಾಡ ಅಂತ ಹೊಚಗೊಂಡ ಮಲಗಿದ್ದೆ."

"ಮತ್ತ್ಯಾಕ ಬಂದಿ?"

"ನಮ್ಮ ಯೇಸುಸ್ವಾಮಿ ಕುಷ್ಠ ಆದವರನ್ನ ಕೈಲೆ ಮುಟ್ಟಿದ. ದೂರ ನಿಂತು ಒಂದ ಮಾತ ಅಂದಿದ್ರೂ ಅವರಿಗೆ ವಾಸಿ ಆಗ್ತಿತ್ತು. ಆದರೂ ಮುಟ್ಟಿದ. ಯಾಕ ಮುಟ್ಟಿದ ಅಂತ ಮೂವತ್ತ ವರ್ಷಾ ದವಾಖಾನ್ಯಾಗ ಕಸಾ ಹೊಡಕೋತ ವಿಚಾರ ಮಾಡೀನಿ. ಅವರಿಗೆ ರೋಗಕ್ಕಿಂತ ಮೊದಲ, ಮುಟ್ಟಾವರಿಲ್ಲ ಅನ್ನೂದ ತಿಂದಿತ್ತವಾ."

ಬೀದಿಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು.

"ಗುಳಿಗಿ ನಾ ಕೊಡಬಲ್ಲೆ," ಎಂದು ಮಾರ್ಥವ್ವ ಏಳುತ್ತ ಹೇಳಿದಳು. "ತತ್ತಿ ಕೊಡಬಲ್ಲೆ. ನಿನ್ನ ಮುಯ್ಯಿ ಮಾತ್ರ ನಾ ಕೊಡಾಕ ಬರೂದಿಲ್ಲ ಕಳಕವ್ವಾ. ಅದು ನಿಂದು."

ಅವತ್ತು ಸಂಜೆ ಕಳಕವ್ವ ಮಾರ್ಥವ್ವನ ಪಡಸಾಲೆಯಿಂದ ಗಾದಿಯನ್ನು ಸುತ್ತಿ ತಲೆಯ ಮೇಲೆ ಹೊತ್ತುಕೊಂಡಳು. "ಎಲ್ಲಿಗೆ?" ಎಂದ ಅರ್ಜುನಪ್ಪ, ತಮ್ಮ ಮನೆಯ ಬಾಗಿಲಲ್ಲಿ ನಿಂತು. "ಹೊಲಿಸಾಕ," ಎಂದಳು. ಅವನು ಅವಳ ಮುಖ ನೋಡಿ ಒಳಗೆ ಹೋದ.

ಇಸ್ಮಾಯಿಲಸಾಬ ಗೋಡೆಗೆ ಮುಖ ಮಾಡಿಯೇ ಮಲಗಿದ್ದ. ಬಾನುಬಿ ಹೊಲದಿಂದ ಆಗಷ್ಟೇ ಬಂದು ಕಾಲು ಚಾಚಿ ಕೂತಿದ್ದಳು. ಕಿಟಕಿ ಬಾಗಿಲು ತೆರೆದಿದ್ದವು. ಮಾರ್ಥವ್ವ ಹೇಳಿಕೊಟ್ಟಂತೆ ಅವನ ಬಾಯಿಗೆ ಒಂದು ಬಟ್ಟೆ ಕಟ್ಟಿತ್ತು. ಕಳಕವ್ವ ಗಾದಿಯನ್ನು ನೆಲಕ್ಕಿಳಿಸಿದಳು. ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಆ ಮಾತು ಬರಲಿಲ್ಲ.

"ಇಸ್ಮಾಯಿಲಣ್ಣಾ, ಗಾದಿಗೆ ತಿಪ್ಪಿ ಹತ್ತೇತಿ. ಮ್ಯಾಲಿನ ಗಲೀಪ ಬದಲ ಮಾಡಿ ಹೊಲಿದ ಕೊಡು."

ಅವನು ತಿರುಗಲಿಲ್ಲ. "ಬ್ಯಾರೆದವರ ಕಡೆ ಹೊಲಿಸರಿ ಅಕ್ಕಾರ. ಗಜೇಂದ್ರಗಡದಾಗ ಮಷಿನ್ ಬಂದಾವು."

"ಮಷಿನ್ನಿನ ಗಾದಿ ಮ್ಯಾಲೆ ನನ್ನ ಮೊಮ್ಮಗ ಮಲಗೂದಿಲ್ಲ. ಗಡಿಬಿಡಿ ಇಲ್ಲ. ಆರ ತಿಂಗಳ ಗುಳಿಗಿ ಮುಗದ ಮ್ಯಾಲೆ ಹೊಲಿದ ಕೊಡು. ಅಲ್ಲೀತನಕ ಗಾದಿ ಇಲ್ಲೇ ಇರತೈತಿ."

ಅವನು ಮೆಲ್ಲಗೆ ಈ ಕಡೆ ತಿರುಗಿದ. ಆಮೇಲೆ ಎದ್ದು ಕೂತು, ಗಾದಿಯನ್ನು ಹತ್ತಿರ ಎಳೆದುಕೊಂಡು, ಹೊಲಿಗೆಯ ಮೇಲೆ ಬೆರಳಾಡಿಸಿದ. "ಅಂಚು ಬಿಚ್ಚಿಲ್ಲ," ಎಂದ. "ಎಳದಾಡಿದ್ರೂ ಬಿಚ್ಚಿಲ್ಲ ನೋಡು ಬಾನು. ಗುಳಿಗಿ ಎಲ್ಲಿಟ್ಟೀದಿ?"

ಮರುದಿನ ನಸುಕಿನಲ್ಲಿ ಕಳಕವ್ವ ಬಾನುಬಿಯ ಹೊಲದಲ್ಲಿದ್ದಳು. ಕಾಲಿಟ್ಟಲ್ಲೆಲ್ಲ ಉದುರಿದ ಕಾಳು. ಅರ್ಧಕ್ಕರ್ಧ ಕಾಯಿ ತಿರುಚಿ ಬರಿದಾಗಿದ್ದವು. ಇಬ್ಬರೂ ಪಕ್ಕಪಕ್ಕದ ಸಾಲು ಹಿಡಿದರು, ನಡುವೆ ಸಾಲು ಬಿಡಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಬಾನುಬಿ ಮಾಮೂಲಿನಂತೆ ಅವಳ ರೊಟ್ಟಿಯ ಮೇಲೆ ಚಟ್ನಿ ಹಾಕಿದಳು. ಕಳಕವ್ವ ತಿಂದಳು.

ಎರಡನೆಯ ದಿನವೂ ಬಿಡಿಸಿದರು. ಅವತ್ತು ಸಂಜೆ ತೆಂಕಣ ದಿಕ್ಕು ಕಪ್ಪಾಯಿತು. ಮಳೆ ಬಂದದ್ದು ಮೂರು ದಿನ ಬಿಡಲಿಲ್ಲ. ಉಳಿದ ಕಾಯಿ ಗಿಡದಲ್ಲೇ ಮೊಳಕೆಯೊಡೆದು ಕಪ್ಪಾದವು. ಬಿಡಿಸಲು ಏನೂ ಉಳಿಯಲಿಲ್ಲ.

"ಇನ್ನೊಂದ ದಿನದ ಮುಯ್ಯಿ ಉಳೀತಲ್ಲ ಬಾನುಬಿ," ಎಂದಳು ಕಳಕವ್ವ, ಗೋಡೆಯ ಮೇಲಿಂದ ಹೊಲದ ದಾರಿ ನೋಡುತ್ತ.

"ಮುಂದಿನ ವರ್ಷಕ್ಕ ಇರಲಿ ಕಳಕಕ್ಕಾ."

ಬಾನುಬಿ ಬೇಸರದಿಂದ ಅಂದದ್ದಲ್ಲ. ಆದರೂ ಅದು ಕಳಕವ್ವನ ಎದೆಯಲ್ಲಿ ಕೂತಿತು. ಮುಂದಿನ ವರ್ಷ ಒಂದು ದಿನ ಕೊಡಬಹುದು. ಮನೆಯಲ್ಲಿ ಕೂತು ಕಳೆದ ದಿನಗಳಲ್ಲಿ ಉದುರಿದ ಆ ಹೆಸರನ್ನು ಯಾವ ವರ್ಷವೂ ತುಂಬಿಕೊಡಲಾಗದು. ಈಗ ಮಾರ್ಥವ್ವನ ಮೊಳಕಾಲು ಏಳದ ದಿನ ಕಳಕವ್ವನೇ ಡಬ್ಬಿ ಹಿಡಿದು ಹೋಗಿ, ಎದುರು ನಿಂತು ಗುಳಿಗೆ ನುಂಗಿಸಿ ಬರುತ್ತಾಳೆ. ಗಾದಿ ಇನ್ನೂ ಅಲ್ಲೇ ಇದೆ, ಮಡಿಸಿ ಇಟ್ಟಿದೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕೂತು ಕೇಳುತ್ತಿರುವ ಮಹಿಳಾ ಸಂಘದ ತಾಯಂದಿರೇ, ಎರಡು ವಾರ ಮೀರಿದ ಕೆಮ್ಮನ್ನು ಧೂಳಿನದು, ಬೀಡಿಯದು, ಹವೆಯದು ಎಂದು ಬಿಡಬೇಡಿ. ಸರ್ಕಾರಿ ದವಾಖಾನೆಯಲ್ಲಿ ಕಫ ತೋರಿಸಿ. ಪರೀಕ್ಷೆಗೂ ಗುಳಿಗೆಗೂ ದುಡ್ಡಿಲ್ಲ. ಶುರು ಮಾಡಿದ ಗುಳಿಗೆಯನ್ನು ಆರಾಮಾಯಿತೆಂದು ನಡುವೆ ನಿಲ್ಲಿಸಬೇಡಿ, ಡಾಕ್ಟರು ಸಾಕೆನ್ನುವವರೆಗೆ ನುಂಗಿ. ಇದಿಷ್ಟನ್ನು ಆಶಾ ಅಕ್ಕನೂ ಹೇಳುತ್ತಾಳೆ. ಅವಳು ಹೇಳಲಾಗದ್ದು ಒಂದಿದೆ. ನಿಮ್ಮ ಓಣಿಯಲ್ಲಿಯೂ ಬಾಗಿಲು ಅರ್ಧ ಮುಚ್ಚಿದ ಒಂದು ಮನೆ ಇರಬಹುದು. ಅವರ ದೇವರು ಯಾರೆಂದು ಕೇಳಬೇಡಿ, ನಿಮ್ಮ ದೇವರು ಯಾರೆಂದೂ ಹೇಳಬೇಕಿಲ್ಲ. ದಣಿದಿದ್ದರೆ ದಣಿದೇ ಹೋಗಿ. ಹೆಸರು ಉದುರುವ ಮೊದಲು ಹೋಗಿ.