ಮಾಳಿಗೆ ಮೇಲಿನ ಡಾಂಬರು

ಹೊನ್ನಾಳಿಯ ಆ ಮನೆಯ ಮಾಳಿಗೆ ಹಿರಿಸೊಸೆ ಕಲ್ಪನಾಳದೇ ರಾಜ್ಯವಾಗಿತ್ತು. ಹಪ್ಪಳ, ಸಂಡಿಗೆ ಏನೇ ಹರವಿದರೂ ಅತ್ತೆ ಕಲ್ಲಮ್ಮ ಮೊಣಕಾಲು ನೋವು ಮರೆತು ಮೆಟ್ಟಿಲು ಹತ್ತಿ ಬರುತ್ತಿದ್ದರು. ಕಾಗೆ ಓಡಿಸುತ್ತಾ ಇಬ್ಬರೂ ಹರಟುತ್ತಿದ್ದರು. ಮೈದುನನ ಹೆಂಡತಿ ರೂಪಶ್ರೀ ಮನೆಗೆ ಬಂದ ಮೇಲೂ ಅದು ಹಾಗೇ ನಡೆದಿತ್ತು.

ರೂಪಶ್ರೀ ದಾವಣಗೆರೆಯ ಕಾಲೇಜೊಂದರಲ್ಲಿ ಸಿವಿಲ್ ಎಂಜಿನಿಯರಿಂಗ್ ಪಾಠ ಹೇಳುತ್ತಾ ಪಿಎಚ್‌ಡಿ ಮಾಡುತ್ತಿದ್ದಳು. ದೀಪಾವಳಿ ಮುಗಿದ ವಾರ, ಜಲ್ಲಿ ಡಾಂಬರು ಕಲಸಿ ಅಚ್ಚಿನಲ್ಲಿ ಒತ್ತಿದ ದುಂಡನೆ ಬಿಲ್ಲೆಗಳನ್ನು ತಂದು ಮಾಳಿಗೆ ಮೇಲೆ ಎರಡು ಸಾಲು ಜೋಡಿಸಿದಳು.

"ಇವನ್ನ್ಯಾಕವ್ವ ಬಿಸಿಲಿಗೆ ಹಾಕ್ತೀಯ?" ಕಲ್ಲಮ್ಮ ಕೇಳಿದರು.

"ಬಿಸಿಲು, ಗಾಳಿ, ಮಳೆಗೆ ರಸ್ತೆಗೂ ವಯಸ್ಸಾಗ್ತೈತೆ ಅತ್ತೆ. ಡಾಂಬರಿನ ಜಿಡ್ಡು ಆರಿ, ಬಿರುಸಾಗಿ, ಬಿರುಕು ಬಿಡ್ತೈತೆ. ಅದು ಹೆಂಗಾಗ್ತೈತೆ ಅಂತ ನೋಡಾಕೆ."

"ನನ್ನ ಹಂಗೇ ಅನ್ನು!" ಅತ್ತೆ ನಕ್ಕುಬಿಟ್ಟರು.

ಅಂದಿನಿಂದ ಸಂಜೆ ಅವರಿಬ್ಬರೂ ಬಿಲ್ಲೆ ನೋಡಲು ಹತ್ತುವುದು ರೂಢಿಯಾಯಿತು. ಅವರ ನಗು ಕೆಳಗೆ ಅಡುಗೆಮನೆಯಲ್ಲಿದ್ದ ಕಲ್ಪನಾಳಿಗೆ ಕೇಳುತ್ತಿತ್ತು. ಹಗಲು ಅವಳು ಸಂಡಿಗೆ ಕಾಯಲು ಕರೆದರೆ ಕಲ್ಲಮ್ಮ, "ಕಾಲು ನೋಯ್ತೈತೆ ಕಣವ್ವ. ಸಂಜೆ ಹೆಂಗಿದ್ರೂ ಹತ್ತಬೇಕಲ್ಲ" ಎನ್ನುತ್ತಿದ್ದರು.

ಕಲ್ಪನಾಳಿಗೆ ಹೊಟ್ಟೆ ಉರಿಯಿತು. ಒಂದು ದಿನ ರೂಪಶ್ರೀ ಬಸ್ ಹತ್ತಿದ್ದೇ ತಡ, ಹಳೆಯ ತಾಡಪಾಲು ತಂದು ಬಿಲ್ಲೆಗಳಿಗೆ ಹೊದಿಸಿದಳು. ಅದು ಒಂದು ಸಾಲಿಗಷ್ಟೇ ಸಾಲುತ್ತಿತ್ತು. ಬಿಸಿಲು ಬೇಕಂತಲ್ಲ, ಹೆಂಗೆ ಬೀಳ್ತೈತೋ ನೋಡ್ತೀನಿ ಅಂದುಕೊಂಡಳು. ರೂಪಶ್ರೀ ಬರುವ ಹೊತ್ತಿಗೆ ಮಡಚಿಟ್ಟಳು. ಮರುದಿನವೂ ಹೊದಿಸಿದಳು. ಆಮೇಲೆ ಅದೂ ಮನೆಗೆಲಸದಲ್ಲಿ ಒಂದಾಯಿತು.

ಬೇಸಿಗೆ ಬರುವಷ್ಟರಲ್ಲಿ ಒಂದು ಸಾಲು ಬೂದಿಬಣ್ಣಕ್ಕೆ ತಿರುಗಿತ್ತು. ಇನ್ನೊಂದು ಇನ್ನೂ ಕರ್ರಗೆ ಮಿನುಗುತ್ತಿತ್ತು. ಭಾನುವಾರ ಊಟಕ್ಕೆ ಕೂತಾಗ ರೂಪಶ್ರೀ ಅದನ್ನೇ ಹೇಳಿಕೊಂಡಳು. "ಒಂದೇ ಮಾಳಿಗೆ, ಒಂದೇ ಬಿಸಿಲು. ಹಿಂಗ್ಯಾಕಾಯ್ತೋ ಗೊತ್ತಾಗ್ತಿಲ್ಲ."

"ಕಲ್ಪನಾ ದಿನಾ ತಾಡಪಾಲು ಹೊದಿಸ್ತಾಳಲ್ಲ," ಅನ್ನ ಕಲಸುತ್ತಾ ಕಲ್ಲಮ್ಮ ಅಂದರು. "ನೀನೇ ಹೇಳಿದ್ದೀ ಅಂದ್ಕೊಂಡಿದ್ದೆ."

ರೂಪಶ್ರೀ ತಲೆಯೆತ್ತಿದಳು. "ಯಾಕಕ್ಕ?"

ಸಾರು ಬಡಿಸುತ್ತಿದ್ದ ಕಲ್ಪನಾ ಸೌಟನ್ನು ಪಾತ್ರೆಗೆ ಹಾಕಿದಳು. "ನಿಂಗೆ ಕಾಲೇಜೈತೆ, ಓದು ಐತೆ. ನಂಗೆ ಮಾತಾಡಾಕೆ ಅತ್ತೆ ಒಬ್ರೇ ಇದ್ರು. ಅವರನ್ನೂ ಕಿತ್ಕೊಂಡ್ಯಲ್ಲ!" ಎಂದವಳೇ ಒಳಗೆ ಹೋದಳು.

ರೂಪಶ್ರೀ ಜಗಳ ಮಾಡಲಿಲ್ಲ. ಅಕ್ಕನ ಜೊತೆ ಒಂದು ವಾರ ಮಾತಾಡಲೂ ಇಲ್ಲ. ಹೊಸ ಬಿಲ್ಲೆ ಮಾಡಿಸಿ ಕಾಲೇಜಿನ ಮಾಳಿಗೆ ಮೇಲೆ ಮೊದಲಿಂದ ಶುರು ಮಾಡಿದಳು. ಹಳೆಯವನ್ನು ಮನೆಯಿಂದ ಸಾಗಿಸಿದಳು.

ಮಾಳಿಗೆ ಖಾಲಿಯಾದ ದಿನವೇ ಕಲ್ಪನಾ ಸಂಡಿಗೆ ಹಿಟ್ಟು ಬೇಯಿಸಿ, "ಬರ್ರಿ ಅತ್ತೆ" ಎಂದು ಕರೆದಳು. ಕಲ್ಲಮ್ಮ ಮೆಲ್ಲಗೆ ಹತ್ತಿ ಬಂದು ನೆರಳಲ್ಲಿ ಕೂತರು. ಮೊಣಕಾಲು ನೀವಿಕೊಳ್ಳುತ್ತಾ ಕೇಳಿದರು:

"ಅಲ್ಲಿ ಕಾಲೇಜಿನಾಗೆ ಆ ಬಿಲ್ಲೆಗೆ ಬಿಸಿಲು ಚಲೋ ಬೀಳ್ತೈತೋ ಇಲ್ವೋ. ಒಂದಿನ ಹೋಗಿ ನೋಡಾನ, ನೀನೂ ಬಾ."

"ನೀವೇ ಹೋಗ್ಬರ್ರಿ," ಎಂದು ಕಲ್ಪನಾ ಮುಖ ತಿರುಗಿಸಿ ಸಂಡಿಗೆ ಒತ್ತತೊಡಗಿದಳು.