ಟಿಂಗ್ ಅನ್ನದ ಕಪಾಟು

ಮನೆಯ ಹಳೆಯ ಅಲಾರಂ ಕಿತ್ತು ಹೊಸದನ್ನು ತಾನೇ ಕೂರಿಸುತ್ತೇನೆ ಎಂದು ಅಳಿಯ ಸಾರಿದಾಗ ಹೆಂಡತಿಯೂ ನಂಬಲಿಲ್ಲ, ಅತ್ತೆಯೂ ನಂಬಲಿಲ್ಲ. ಅವನು ಕನ್ನಡಕದ ಅಂಗಡಿಯವನು. ಸಾಸಿವೆ ಕಾಳಿನಷ್ಟು ಸಣ್ಣ ಸ್ಕ್ರೂಗಳನ್ನು ಬಿಗಿದು ಬಿಗಿದು, ಸ್ಕ್ರೂ ಇರುವ ಯಾವ ವಸ್ತುವೂ ತನ್ನ ಮಾತು ಮೀರುವುದಿಲ್ಲ ಎಂಬ ಹಮ್ಮು ಬಂದುಬಿಟ್ಟಿತ್ತು. ಕರೆಂಟು ಹೋದಾಗ ನಡೆಸುವ ಬ್ಯಾಟರಿ ಸತ್ತಿದೆ, ಬಿಡಿ ಭಾಗ ಸಿಗುವುದಿಲ್ಲ, ಬೆಕ್ಕು ಹಾದರೂ ಬಾಯಿ ಬಡಿದುಕೊಳ್ಳುತ್ತದೆ ಎಂದು ಕಾರಣಗಳನ್ನು ಒಪ್ಪಿಸಿದ. ಎಲ್ಲವೂ ಸತ್ಯವೇ. ಅಸಲಿ ಕಾರಣ ಮಾತ್ರ ಅಡುಗೆಮನೆಯ ಮೂಲೆಯಲ್ಲಿತ್ತು.

ಅಲ್ಲೊಂದು ಮರದ ಕಪಾಟು. ಬಿಸ್ಕತ್ತು, ಚಾಕೊಲೇಟು, ಜಾಮು, ಸಕ್ಕರೆ ಡಬ್ಬಿ, ಎಲ್ಲ ಅದರೊಳಗೆ. ಹೆಂಡತಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಮೂರು ತಿಂಗಳ ಹಿಂದೆ, ಊರವರ ರಕ್ತ ಸಾಲದೆಂಬಂತೆ ಗಂಡನದ್ದನ್ನೂ ಒಂದು ಸೀಸೆ ತೆಗೆದುಕೊಂಡು ಹೋಗಿ, ಸಂಜೆ ರಿಪೋರ್ಟು ತಂದು ಮುಖಕ್ಕೆ ಹಿಡಿದಿದ್ದಳು. ಸಕ್ಕರೆ ಕಾಯಿಲೆ. ಅಂದಿನಿಂದ ಕಪಾಟು ಅವನ ಪಾಲಿಗೆ ಬಂದ್. ಉಳಿದ ಇಬ್ಬರಿಗೂ ಕಾಯಿಲೆ ಇಲ್ಲವಾದ್ದರಿಂದ ಸಿಹಿ ತರುವುದನ್ನೇ ನಿಲ್ಲಿಸಿ ಕಪಾಟು ಖಾಲಿ ಮಾಡುವ ಮಾತೇ ಇರಲಿಲ್ಲ. ಬೀಗ ಹಾಕಿರಲಿಲ್ಲ. ಬೀಗದಪ್ಪನಂಥದ್ದು ಇತ್ತು.

ಹದಿಮೂರು ವರ್ಷದ ಹಿಂದೆ ಬೀದಿಯಲ್ಲಿ ಕಳ್ಳತನವಾದಾಗ ಮಾವ ಅಲಾರಂ ಹಾಕಿಸಿದರು. ಹಾಕಲು ಬಂದವನನ್ನು ಅತ್ತೆ ಪಕ್ಕಕ್ಕೆ ಕರೆದು, ಇನ್ನೊಂದು ವೈರು ಎಳೆದು ಈ ಕಪಾಟಿಗೂ ಸೇರಿಸು ಎಂದರು. ಆಗ ಸಕ್ಕರೆ ಕಾಯಿಲೆ ಇದ್ದದ್ದು ಮಾವನಿಗೆ. ಕಪಾಟಿನ ಬಾಗಿಲು ಕೊಂಚ ಸರಿದರೂ ಸಾಕು, ಅತ್ತೆಯ ಕೋಣೆಯ ಗೋಡೆಯಲ್ಲಿ ಟಿಂಗ್. ಹೀಗೆ ಹೊರಗಿನ ಬಾಗಿಲುಗಳು ಕಳ್ಳರನ್ನೂ ಒಳಗಿನ ಬಾಗಿಲು ಯಜಮಾನರನ್ನೂ ಹನ್ನೊಂದು ವರ್ಷ ಕಾದವು. ಆದರೂ ಮಾವನ ಸಕ್ಕರೆ ಇಳಿಯಲಿಲ್ಲ. ನಿಮ್ಮ ಮಾತ್ರೆಯೇ ಸರಿಯಿಲ್ಲ ಎಂದು ಅತ್ತೆ ನಾಲ್ಕು ಡಾಕ್ಟರಿಗೆ ನೀರಿಳಿಸಿ ಬಂದರು. ಎರಡು ವರ್ಷದ ಹಿಂದೆ ಮಾವ ತೀರಿಕೊಂಡರು. ಟಿಂಗ್ ಮಾತ್ರ ಉಳಿದು, ಈಗ ಅಳಿಯನ ಪಾಲಿಗೆ ಬಂತು.

ಅವನು ಕೊಂಡು ತಂದ ಹೊಸ ಪೆಟ್ಟಿಗೆಯಲ್ಲಿ ಆರೇ ಸೆನ್ಸರು. ಮನೆಯ ಬಾಗಿಲು ಕಿಟಕಿಗಳೂ ಆರೇ, ಎಣಿಸಿಯೇ ತಂದಿದ್ದ. ಕಪಾಟಿಗೆ ಉಳಿಯಲಿಲ್ಲವಲ್ಲ ಅತ್ತೆ ಎನ್ನುವಾಗ ಹಾಕಿಕೊಳ್ಳಬೇಕಾದ ಮುಖವನ್ನೂ ಅಂಗಡಿಯ ಕನ್ನಡಿಯೆದುರು ಎರಡು ಸಲ ಹಾಕಿ ನೋಡಿದ್ದ.

ಭಾನುವಾರ ಬೆಳಿಗ್ಗೆ ಹೆಂಡತಿ ಡ್ಯೂಟಿಗೆ ಹೋದಳು. ಅಳಿಯ ಏಣಿ ಹಾಕಿ, ಹೊರಗೋಡೆಯ ಸೈರನ್ನಿನ ಮುಚ್ಚಳ ಬಿಚ್ಚಿದ. ಮುಚ್ಚಳ ಬಿಚ್ಚಿದವನೇ ಕಳ್ಳ ಎಂದು ತಿಳಿಯುವಂತೆಯೇ ಅದನ್ನು ಮಾಡಿರುತ್ತಾರೆ ಎಂಬುದು ಕನ್ನಡಕದವನಿಗೆ ಹೇಗೆ ಗೊತ್ತಾಗಬೇಕು? ಅದು ಕಿವಿಯ ಬುಡದಲ್ಲೇ ಅರಚಿತು. ಅವನು ಏಣಿಯನ್ನು ತಬ್ಬಿಕೊಂಡು ನಿಂತ. ಇಡೀ ಬೀದಿಯಲ್ಲಿ ಕಳ್ಳನನ್ನು ಹಿಡಿಯಲು ಒಂದು ನರಪಿಳ್ಳೆಯೂ ಬರಲಿಲ್ಲ. ಪಕ್ಕದ ಮನೆಯ ಮೇಷ್ಟ್ರು ಒಬ್ಬರು ಬಂದರು, ಹೇಗೂ ಇವತ್ತು ಬಿಡುವಾಗಿದ್ದೀಯಲ್ಲ, ಈ ಕನ್ನಡಕದ ಕಡ್ಡಿ ಸಡಿಲವಾಗಿದೆ ನೋಡು ಎಂದು. ಕೊನೆಗೆ ಅತ್ತೆ ತಮ್ಮ ಕೋಣೆಗೆ ಹೋಗಿ ಗೋಡೆಯ ಅಲಾರಂ ಪೆಟ್ಟಿಗೆಯಲ್ಲಿ ನಾಲ್ಕು ಅಂಕಿ ಒತ್ತಿದರು, ಸೈರನ್ನು ನಿಂತಿತು, ಕಪಾಟಿನ ಟಿಂಗ್ ಮಾತ್ರ ಎಚ್ಚರವಿತ್ತು. ಏನಾದರೂ ಬೈದಿದ್ದರೆ ವಾಸಿಯಿತ್ತು. ಅವರು ಹೊರಗೆ ಬಂದು ಏಣಿಯನ್ನು ಹಿಡಿದುಕೊಂಡು ನಿಂತರು.

ಹೋದ ಮಾನ ಒಳಗಿನ ಕೆಲಸದಲ್ಲಾದರೂ ಮರಳಲಿ ಎಂದು ಅವನು ನೇರ ಕಪಾಟಿಗೆ ಬಂದ. ಬಾಗಿಲ ಅಂಚಿನಲ್ಲೊಂದು ಬಿಳಿ ತುಂಡು, ಅದಕ್ಕೆ ಎದುರಾಗಿ ಚೌಕಟ್ಟಿನ ಮೇಲೊಂದು. ಬಾಗಿಲಿನದರಲ್ಲಿ ಮ್ಯಾಗ್ನೆಟ್ಟು, ಚೌಕಟ್ಟಿನದಕ್ಕೆ ವೈರು. ಎರಡೂ ದೂರವಾದರೆ ಟಿಂಗ್. ವೈರು ಎಲ್ಲಿಂದ ಬಂದಿದೆ ನೋಡೋಣವೆಂದು ಸ್ಟೂಲು ಹತ್ತಿ ಕಪಾಟಿನ ನೆತ್ತಿಯ ಮೇಲೆ ಕೈಯಾಡಿಸಿದ. ಧೂಳಿನಡಿ ಏನೋ ತಣ್ಣಗೆ ತಾಗಿತು.

ಹಳೆಯ ರೇಡಿಯೋ ಸ್ಪೀಕರಿನ ಮ್ಯಾಗ್ನೆಟ್ಟು, ಬಾಟಲಿ ಮುಚ್ಚಳದಷ್ಟು ಅಗಲ. ಅದಕ್ಕೊಂದು ಕಪ್ಪು ದಾರ. ಮಾವ ಜೀವಮಾನವೆಲ್ಲ ಮಾಡಿದ್ದು ರೇಡಿಯೋ ರಿಪೇರಿಯೇ. ದಾರ ಎಳೆದರೆ ಮ್ಯಾಗ್ನೆಟ್ಟು ಸರಕ್ಕನೆ ಜಾರಿ ಬಂದು ಚೌಕಟ್ಟಿನ ಬಿಳಿ ತುಂಡಿನ ನೆತ್ತಿಯ ಮೇಲೆ ಸರಿಯಾಗಿ ಕೂತಿತು. ಜಾರುವ ದಾರಿಯುದ್ದಕ್ಕೂ ಬಣ್ಣ ಸವೆದು, ಹಲಗೆಯೂ ಸವೆದು, ಬೆರಳು ಕೂರುವಷ್ಟು ಆಳದ ಗೀರು ಬಿದ್ದಿತ್ತು. ಒಂದೆರಡು ಸಲ ಎಳೆದರೆ ಬೀಳುವ ಗೀರಲ್ಲ ಅದು. ಹನ್ನೊಂದು ವರ್ಷದ ದುಡಿಮೆ.

ಅಳಿಯ ಇಳಿದು ಮೆಲ್ಲಗೆ ಬಾಗಿಲು ತೆರೆದ. ಟಿಂಗ್ ಇಲ್ಲ. ಈ ಮ್ಯಾಗ್ನೆಟ್ಟು ನೆತ್ತಿಯ ಮೇಲಿರುವವರೆಗೆ ಬಾಗಿಲು ಮುಚ್ಚಿದೆಯೆಂದೇ ಆ ತುಂಡು ನಂಬುತ್ತಿತ್ತು. ಮಾವ ಅತ್ತೆಗೆ ಚಳ್ಳೆಹಣ್ಣು ತಿನ್ನಿಸಿ, ತಾವು ಬಿಸ್ಕತ್ತು ತಿಂದಿದ್ದರು. ಇಂಥದ್ದೊಂದು ಆಸ್ತಿ ಇಲ್ಲಿರುವಾಗ ಹೊಸ ಅಲಾರಂ ಯಾಕಾದರೂ ಬೇಕಿತ್ತು? ಮಾವನ ಮೇಲೆ ಹಿಂದೆಂದೂ ಇಲ್ಲದಷ್ಟು ಗೌರವ ಉಕ್ಕಿತು. ಎರಡು ಕ್ರೀಮ್ ಬಿಸ್ಕತ್ತು ಒಟ್ಟಿಗೆ ಬಾಯಿಗೆ ತುರುಕಿ, ಬಾಗಿಲು ಮುಚ್ಚಿ, ಮ್ಯಾಗ್ನೆಟ್ಟನ್ನು ಜೇಬಿಗೆ ಇಳಿಸಿದ. ತಿರುಗಿದರೆ ಅತ್ತೆ.

ತಮ್ಮ ಕೋಣೆಯ ಫ್ಲಾಸ್ಕಿನಿಂದ ಸಕ್ಕರೆ ಇಲ್ಲದ ಚಹಾ ಬಗ್ಗಿಸಿ ತಂದಿದ್ದರು. ಲೋಟವನ್ನು ಕಟ್ಟೆಯ ಮೇಲಿಟ್ಟು ಸ್ಟೂಲಿನ ಮೇಲೆ ಕೂತರು. ಅಳಿಯ ಬಾಯಿ ಬಿಡುವ ಹಾಗಿರಲಿಲ್ಲ. ತಲೆಯಾಡಿಸಿದ.

"ಅಳಿಯಂದ್ರೇ, ಕೀಳೋ ಮುಂಚೆ ಒಂದ್ಮಾತು," ಎಂದರು ಅತ್ತೆ, ಕಪಾಟನ್ನು ನೋಡುತ್ತಾ. "ಹನ್ನೊಂದು ವರ್ಷ ಒಂದು ಚೂರು ಸಿಹಿ ಅವರ ಬಾಯಿಗೆ ಹೋಗೋಕೆ ಬಿಡ್ಲಿಲ್ಲ ನಾನು. ಉಪ್ಪಿಲ್ಲದ್ದು, ಎಣ್ಣೆ ಇಲ್ಲದ್ದು, ರುಚೀನೇ ಇಲ್ಲದ್ದು ಮಾಡಿ ಹಾಕ್ದೆ. ಪಾಪ, ಮಾತಾಡದೆ ತಿಂದ್ರು. ಆದ್ರೂ ಇಳೀಲಿಲ್ಲ. ನನ್ನ ಅಡುಗೇಲೇ ಏನೋ ತಪ್ಪಿತ್ತೇನೋ. ಏನು ಅಂತ ಇವತ್ತಿಗೂ ಹೊಳೀತಿಲ್ಲ."

ಅಳಿಯ ಅಗಿಯುವುದನ್ನು ನಿಲ್ಲಿಸಿದ. ಜೇಬಿನ ಮ್ಯಾಗ್ನೆಟ್ಟಿನ ಮೇಲೆ ಕೈಯಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಯುವವರೆಗೂ ಈ ಕಪಾಟು ತನ್ನದು. ಹೇಳಿದರೆ ಅದು ಹೋಯಿತು, ಸತ್ತ ಮಾವನ ಮರ್ಯಾದೆಯೂ ಹೋಯಿತು. ಆದರೆ ಎರಡು ವರ್ಷದಿಂದ ಈ ಹೆಂಗಸು ಮಾಡದ ತಪ್ಪನ್ನು ಹುಡುಕುತ್ತಾ ಅಡುಗೆಮನೆಯಲ್ಲಿ ಓಡಾಡಿದ್ದಾರೆ. ಬಾಯಿಯಲ್ಲಿದ್ದ ಕ್ರೀಮ್ ಒಮ್ಮೆಲೇ ಮೇಣದಂತಾಯಿತು. ಚಹಾ ಕುಡಿದು ಅದನ್ನು ಇಳಿಸಿ, ಮ್ಯಾಗ್ನೆಟ್ಟು ತೆಗೆದು ಅತ್ತೆಯ ಅಂಗೈಯಲ್ಲಿಟ್ಟ.

"ತಪ್ಪು ನಿಮ್ಮ ಅಡುಗೇದಲ್ಲ ಅತ್ತೆ," ಎಂದ.

ಹೇಗೆಂದು ತೋರಿಸಿ ಎಂದರು ಅತ್ತೆ. ತೋರಿಸಿದ. ಅತ್ತೆ ತಾವೇ ಸ್ಟೂಲು ಹತ್ತಿ, ದಾರ ಎಳೆದು, ಬಾಗಿಲು ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಕೋಣೆಯಿಂದ ಸದ್ದಿಲ್ಲ. ಆಮೇಲೆ ಆ ಗೀರಿನೊಳಗೆ ಬೆರಳಿಟ್ಟು ಅತ್ತಿಂದಿತ್ತ ಎಳೆದು ನೋಡಿದರು. ಇಳಿದು ಕೂತರು. ಗಂಡನ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು, ಎದೆಯ ಮೇಲಿದ್ದ ಕಲ್ಲೂ ಇಳಿದಿತ್ತು. ಯಾವುದನ್ನು ಮೊದಲು ಹೊರಗೆ ಹಾಕಬೇಕೋ ತಿಳಿಯದೆ ನಗತೊಡಗಿದರು, ನಗುತ್ತಲೇ ಅತ್ತರು.

"ನಾಲ್ಕು ಡಾಕ್ಟರಿಗೆ ಬೈದೆ," ಎಂದರು ಸೆರಗಿನಿಂದ ಕಣ್ಣೊರೆಸಿಕೊಂಡು. "ಕಳ್ಳನ್ನ ಮಗ್ಗುಲಲ್ಲೇ ಮಲಗಿಸ್ಕೊಂಡು, ಬೀದಿಗೆ ಗಂಟೆ ಕಟ್ಟಿದ್ದೆ."

ಅಳಿಯನೂ ನಗಲು ಹೊರಟ. ಅತ್ತೆಯ ಕಣ್ಣು ಅವನ ಮುಖದ ಮೇಲೆ ನಿಂತಿತು.

"ನಿಮ್ಮ ಮೀಸೇಲಿ ಕ್ರೀಮ್ ಇದೆ."

ಅವನು ಒರೆಸಿಕೊಂಡ. ಇರುವುದೇ ಆರು ಸೆನ್ಸರು ಎಂದು, ಸಿದ್ಧಮಾಡಿಟ್ಟ ಮುಖವನ್ನು ಹಾಕಿ ಕೊನೆಯದೊಂದು ಪ್ರಯತ್ನ ಮಾಡಿದ. ಅತ್ತೆ ಕೇಳಿಸಿಕೊಂಡರು.

"ಬಚ್ಚಲ ಕಿಟಕಿದು ತೆಗೆದು ಇಲ್ಲಿ ಹಾಕಿ," ಎಂದರು. "ಅಲ್ಲಿಂದ ಕಳ್ಳ ಬಂದ್ರೆ ಬರ್ಲಿ. ಅವನಿಗೇನು ಶುಗರ್ ಇಲ್ವಲ್ಲ."

ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು. ಹೊಸ ಸೆನ್ಸರನ್ನು ಕಪಾಟಿನ ಒಳಗೆ, ಕೆಳಗಿನ ಮೂಲೆಯಲ್ಲಿ, ಯಾವ ದಾರಕ್ಕೂ ಎಟುಕದ ಕಡೆ ಕೂರಿಸಿದ. ಅತ್ತೆ ಪಕ್ಕದಲ್ಲೇ ನಿಂತು, ಹಳೆಯ ಮ್ಯಾಗ್ನೆಟ್ಟನ್ನು ನಾಲ್ಕೂ ಕಡೆಯಿಂದ ಹಿಡಿದು ಪರೀಕ್ಷೆ ಮಾಡಿದರು. ಎಲ್ಲಿ ಹಿಡಿದರೂ ಬಾಗಿಲು ತೆರೆದೊಡನೆ ಟಿಂಗ್. ಕೂದಲೆಳೆಯಷ್ಟೂ ಸಂದು ಬಿಡದೆ ಕೆಲಸ ಮಾಡಿದ್ದ. ಜನ್ಮದಲ್ಲಿ ಅವನು ಇಷ್ಟು ಅಚ್ಚುಕಟ್ಟಾಗಿ ಯಾವ ಕನ್ನಡಕವನ್ನೂ ಮಾಡಿರಲಿಲ್ಲ.

ಸಂಜೆ ಮನೆಗೆ ಬಂದ ಹೆಂಡತಿ ನೀರಿಗೆಂದು ಫ್ರಿಜ್ಜಿನ ಬಳಿ ಹೋದವಳು ನಿಂತಳು. ಬಾಗಿಲ ಮೇಲೆ ಗಂಡನ ರಕ್ತದ ರಿಪೋರ್ಟು, ಅದನ್ನು ಒತ್ತಿ ಹಿಡಿದಿರುವ ಒಂದು ಕರಿ ಮ್ಯಾಗ್ನೆಟ್ಟು, ಜೋತುಬಿದ್ದ ದಾರ. ಇದೆಲ್ಲಿತ್ತು ಎಂದು ಕೇಳಿದಳು.

"ನಿಮ್ಮಪ್ಪಂದು," ಎಂದರು ಅತ್ತೆ. "ಇನ್ಮೇಲೆ ನಂದು."