ಉಗುಳು ನುಂಗಿದ ಮೆಟ್ರೊನೋಮ್

ಸ್ಕಂದನ ಗಂಟಲಿಗೆ ಒಗ್ಗದ ದನಿ ಅಹಮದಾಬಾದಿನಲ್ಲಿ ಇರಲಿಲ್ಲ. ಬಾಗಿಲು ಎಡಕ್ಕೆ ತೆರೆಯುತ್ತದೆಂದು ಮೆಟ್ರೊದಲ್ಲಿ ಹೇಳುವ ಹೆಂಗಸು, ಬೋಡಕ್‌ದೇವ್ ಆಫೀಸಿನ ಮ್ಯಾನೇಜರು, ಕೆಳಗಿನ ಮನೆಯ ಕುಕ್ಕರು, ಎಲ್ಲರೂ ಅಲ್ಲಿ ಒಕ್ಕಲಿದ್ದರು. ವಡೋದರಾದ ಕನ್ನಡ ಕುಟುಂಬಗಳು ನವೆಂಬರಿನಲ್ಲಿ ಒಂದು ಭಾನುವಾರ ಸೇರುವಾಗ ಅವನನ್ನು ಕರೆಯುತ್ತಿದ್ದುದೂ ಅದಕ್ಕೇ. ಅಡುಗೆಯವರು ತಡಮಾಡಿದಾಗಲೆಲ್ಲ ಕಾರ್ಯದರ್ಶಿ ಹರಿಪ್ರಸಾದರು ಮೈಕು ಹಿಡಿದು, 'ಈಗ ಮಿಮಿಕ್ರಿ ಸ್ಕಂದ' ಎನ್ನುತ್ತಿದ್ದರು. ಮೂರು ವರ್ಷ ಅವನು ಅನ್ನ ಬೇಯುವವರೆಗೆ ಬೇರೆಯವರಾಗಿದ್ದ.

ಈ ಸಲದ ಪಟ್ಟಿಯಲ್ಲಿ ಬೇರೆ ಸಾಲಿತ್ತು: 'ಗಿಟಾರ್: ಮನಸ್ವಿನಿ, ಸುಮುಖ್, ಸ್ಕಂದ.' ನಡುವೆ ಎಂಟು ಆವರ್ತ ಸ್ಕಂದ ಒಬ್ಬನದೇ. ಆಫೀಸಿನ ಲಿಫ್ಟಿನಲ್ಲಿ ನಿಂತು ಅವನು ಆ ಪಟ್ಟಿಯನ್ನು ಫೋನಿನಲ್ಲಿ ತೆರೆದು ನೋಡುತ್ತಿದ್ದ. ತನ್ನ ಹೆಸರಿನ ಮುಂದೆ ಮಿಮಿಕ್ರಿ ಇಲ್ಲದ್ದು ಅದೇ ಮೊದಲು.

ಮೂವರಿಗೂ ಗುರುವಿರಲಿಲ್ಲ, ಊರೂ ಒಂದಲ್ಲ. ಧಾರವಾಡದ ಮನಸ್ವಿನಿ ವಡೋದರಾದಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಳು. ಮೈಸೂರಿನ ಸುಮುಖ್ ಸೂರತ್ತಿನಲ್ಲಿ ಸೀರೆಯ ಅಂಚು ವಿನ್ಯಾಸ ಮಾಡುತ್ತಿದ್ದ. ಹೀಗಾಗಿ ಒಬ್ಬರ ತಪ್ಪನ್ನು ಇನ್ನಿಬ್ಬರು ಹಿಡಿಯುವ ಏರ್ಪಾಡು. ಪ್ರತಿ ಭಾನುವಾರ ಬೆಳಗ್ಗೆ ವಾಟ್ಸಾಪಿಗೆ ರೆಕಾರ್ಡಿಂಗ್ ಹಾಕಬೇಕು; ಉಳಿದವರು ಎರಡೇ ಸಾಲು ಬರೆಯಬೇಕು. ಒಂದು ಒಪ್ಪು, ಒಂದು ತಪ್ಪು, ತಪ್ಪಿಗೆ ನಿಮಿಷ ಸೆಕೆಂಡು ಸಮೇತ. 'ಸೂಪರ್' ಎಂಬ ಪದಕ್ಕೆ ನಿಷೇಧ.

ಸ್ಕಂದನ ಕಷ್ಟ ಎಫ್ ಕಾರ್ಡಿನದು, ಎಂದರೆ ಹಲವು ಸ್ವರ ಒಟ್ಟಿಗೆ ಹೊರಡಿಸುವ ಒಂದು ಹಿಡಿತದ್ದು. ತೋರುಬೆರಳನ್ನು ಆರೂ ತಂತಿಯ ಮೇಲೆ ಅಡ್ಡ ಮಲಗಿಸಿ ಒತ್ತಬೇಕು. ಗಿಟಾರಿನವರು ಇದನ್ನು ಬಾರ್ ಕಾರ್ಡ್ ಅನ್ನುತ್ತಾರೆ. 'ಗುಜರಾತಲ್ಲಿ ಬಾರ್‌ಗೆ ಅನುಮತಿ ಇಲ್ಲ ಕಣ್ರೋ, ಕಾನೂನು ಪಾಲಿಸ್ತಿದ್ದೀನಿ,' ಎಂದು ಅವನು ಐದು ವಾರ ತಳ್ಳಿದ. ಆದರೂ ರೆಕಾರ್ಡಿಂಗುಗಳು ಎಫ್ ಸಮೇತ ದೋಷವಿಲ್ಲದೆ ಬರುತ್ತಿದ್ದವು. ತಾಳಕ್ಕೆಂದು ನಿಮಿಷಕ್ಕೆ ಅರವತ್ತು ಟಿಕ್ಕು ಹಾಕುವ ಮೆಟ್ರೊನೋಮ್ ಆಪ್ ಹಿಂದೆ ಕೇಳಿಸುತ್ತಿತ್ತು, ಅವನ ಬೆರಳು ಒಂದು ಟಿಕ್ಕೂ ತಪ್ಪುತ್ತಿರಲಿಲ್ಲ.

ಆರನೆಯ ಭಾನುವಾರ ಮನಸ್ವಿನಿ ಬರೆದಳು: 'ಒಪ್ಪು: ಸ್ವರ ಸ್ವಚ್ಛ ಅದಾವು. ತಪ್ಪು: ಸೊನ್ನೆ ನಿಮಿಷ ಮೂವತ್ತೊಂದನೇ ಸೆಕೆಂಡಿಗೆ ಮೆಟ್ರೊನೋಮ್ ಉಗುಳು ನುಂಗೇತಿ.'

ಆಮೇಲೆ ಅವಳೇ ಫೋನ್ ಮಾಡಿ ಮೂವರನ್ನೂ ಸೇರಿಸಿದಳು.

'ಏನಲೇ ಇದು?'

'ನಂದು ಒಂದೇ ಫೋನು,' ಎಂದ ಸ್ಕಂದ. 'ರೆಕಾರ್ಡ್ ಹಾಕಿದ್ರೆ ಆ ಆಪ್ ನಿಂತೋಗುತ್ತೆ. ಅದಕ್ಕೆ ನಾಲಿಗೇಲೇ ಟಿಕ್ ಹಾಕ್ಕೊಂಡೆ. ಹೆಂಗೂ ಎರಡೂ ಒಂದೇ ಥರ ಕೇಳಿಸುತ್ತಲ್ಲ.'

'ಕೇಳಸೂದು ಬ್ಯಾರೆ. ನಿನ್ನ ಟಿಕ್ಕು ಭಾಳ ಸಂಭಾವಿತ ಐತಿ. ಎಫ್ ಬಂತಂದ್ರ ತಡದು ನಿಂದರತೈತಿ. ನಾ ಎರಡು ವಾರ ನನ್ನ ಫೋನೇ ಕೆಟ್ಟೈತಿ ಅನ್ಕೊಂಡಿದ್ದೆ.'

'ನಾನಂತೂ ನಿನ್ನ ಟಿಕ್ಕಿಗೇ ಅಭ್ಯಾಸ ಮಾಡ್ದೆ ಮಾರಾಯ,' ಎಂದ ಸುಮುಖ್.

ಸ್ಕಂದನಿಗೆ ಅದುವರೆಗೆ ಇದು ಮೋಸ ಎನಿಸಿಯೇ ಇರಲಿಲ್ಲ. ತಾಳ ಹಾಕುವವನೂ ತಾನೇ, ತಾಳಿಕೊಳ್ಳುವವನೂ ತಾನೇ ಆದರೆ ಏನಾಗುತ್ತದೆ ಎಂದು ಅವನು ಯೋಚಿಸಿರಲಿಲ್ಲ.

ಮನಸ್ವಿನಿ ತೀರ್ಪು ಕೊಟ್ಟಳು. ಬರುವ ಶನಿವಾರದೊಳಗೆ ನಿಜವಾದ ಟಿಕ್ಕಿಗೆ ಎಂಟೂ ಆವರ್ತ ನಿಲ್ಲದೆ ನುಡಿಸಿ ಕಳಿಸಬೇಕು. ಇಲ್ಲದಿದ್ದರೆ ಆ ಭಾಗ ಸುಮುಖನಿಗೆ. 'ಹರಿಪ್ರಸಾದ್ ಸರ್ ಆಗಲೇ ಕೇಳ್ಯಾರ. ಸ್ಕಂದ ಖಾಲಿ ಇದ್ರ ಊಟಕ್ಕ ಮೊದಲ ಮಿಮಿಕ್ರಿಗೆ ಹಾಕ್ಕೊಳ್ಳೋಣು ಅಂದ್ರು.'

ಆ ಸಂಜೆ ಸ್ಕಂದ ಮನೆಯಲ್ಲಿ ಜೊತೆಗಿರುವ ಹಾಲಪ್ಪನ ಫೋನು ಕೇಳಿ ತಂದು, ಅದರಲ್ಲಿ ಮೆಟ್ರೊನೋಮನ್ನು ಅರವತ್ತಕ್ಕೆ ಇಟ್ಟ. ಎಫ್ ಬಂತು, ಬೆರಳು ಬರಲಿಲ್ಲ, ಟಿಕ್ಕು ಅವನನ್ನು ಗುರುತಿಲ್ಲದವರಂತೆ ದಾಟಿಹೋಯಿತು. ಐವತ್ತಕ್ಕೆ ಇಳಿಸಿದ. ಆಗಲೂ ಹೋಯಿತು. ನಲವತ್ತಕ್ಕೆ ಇಳಿಸಿದಾಗ ಎರಡು ಟಿಕ್ಕುಗಳ ನಡುವೆ ಒಂದೂವರೆ ಸೆಕೆಂಡು ಸಿಕ್ಕಿತು. ಅಷ್ಟು ಹೊತ್ತು ತನ್ನ ಎಡಗೈಯನ್ನು ಅವನು ಎಂದೂ ನೋಡಿರಲಿಲ್ಲ. ನಾಲ್ಕು ಬೆರಳೂ ಒಮ್ಮೆಲೇ ತಂತಿ ಬಿಟ್ಟು, ಮೇಲೆ ಹಾರಿ, ಸಭೆ ಸೇರಿ ಚರ್ಚಿಸಿ, ಒಂದೊಂದಾಗಿ ಇಳಿಯುತ್ತಿದ್ದವು.

ಕೈಯ ವಿಡಿಯೊ ಮಾತ್ರ ಕಳಿಸಿದ. ಸುಮುಖ್ ಬರೆದ: 'ತಪ್ಪು: ಎಂಟನೇ ಸೆಕೆಂಡು. ಹೆಬ್ಬೆರಳಲ್ಲಿ ಬಸ್ಸಿನ ಕಂಬ ಹಿಡಿದ ಹಾಗೆ ಹಿಡಿದಿದ್ದೀಯ. ಹಿಂದಕ್ಕೆ ಇಳಿಸು, ಬೀಳಲ್ಲ.'

ಇಳಿಸಿದ. ಮೂರು ಸಂಜೆ ಅದೊಂದೇ: ಸಿ, ಎಫ್, ಸಿ, ಎಫ್. ಬುಧವಾರ ನಲವತ್ತನಾಲ್ಕು. ಅಡುಗೆಮನೆಯಿಂದ ಹಾಲಪ್ಪ, 'ಈ ಟಿಕ್ಕಿಗಿಂತ ನಿಂದೇ ಚಲೋ ಇತ್ತು ನೋಡು, ಸ್ವಲ್ಪ ಮನುಷ್ಯತ್ವ ಇತ್ತು,' ಎಂದ. ಶುಕ್ರವಾರ ನಲವತ್ತೆಂಟು. ಅದರಾಚೆ ಬೆರಳು ಮತ್ತೆ ಸಭೆ ಸೇರಿತು.

ಶನಿವಾರ ಎಂಟೂ ಆವರ್ತ ನಲವತ್ತೆಂಟರಲ್ಲಿ ನುಡಿಸಿ, ಮೊದಲಿಗೆ ತನ್ನ ದನಿಯಲ್ಲಿ, 'ಇದು ನಲವತ್ತೆಂಟು. ಅರವತ್ತು ನಂಗೆ ಬರಲ್ಲ,' ಎಂದು ಸೇರಿಸಿ ಕಳಿಸಿದ. ಊಟ ಮಾಡದೆ ಕಾದ.

ಮನಸ್ವಿನಿಯ ಸಾಲು ಬಂತು. 'ಒಪ್ಪು: ನಿಂದರಲಿಲ್ಲ. ತಪ್ಪು: ಆರನೇ ಆವರ್ತದಾಗ ಒಂದು ತಂತಿ ಬಡಬಡಿಸೇತಿ.' ಸ್ವಲ್ಪ ಬಿಟ್ಟು ಇನ್ನೊಂದು: 'ಎಲ್ಲಾರೂ ನಲವತ್ತೆಂಟಕ್ಕೆ ಬರೂಣು.'

ಸುಮುಖ್ ಮೊದಲು ನಕ್ಕ. ಇಷ್ಟು ನಿಧಾನವಾದರೆ ತಾನು ಹಲ್ಲುಜ್ಜುತ್ತಲೇ ನುಡಿಸಬಲ್ಲೆ ಎಂದ. ಭಾನುವಾರ ಅವನ ರೆಕಾರ್ಡಿಂಗ್ ಬಂತು. ಅರವತ್ತರಲ್ಲಿ ಒಂದರ ಮೇಲೊಂದು ಬಿದ್ದು ಮುಚ್ಚಿಹೋಗುತ್ತಿದ್ದ ಮೀಟುಗಳು ಈಗ ಬಿಡಿಬಿಡಿಯಾಗಿ ಕುಂಟುತ್ತಿದ್ದವು. ಸ್ಕಂದ ಅದನ್ನು ನಾಲ್ಕು ಸಲ ಕೇಳಿ ಬರೆದ: 'ತಪ್ಪು: ಹದಿಮೂರನೇ ಸೆಕೆಂಡು. ಕೈ ಮೇಲಕ್ಕೆ ಬರೋವಾಗ ಅವಸರ ಮಾಡ್ತೀಯ.' ಮರುದಿನ ಸುಮುಖ್, 'ಹೌದು ಕಣೋ,' ಎಂದಷ್ಟೇ ಬರೆದ.

ಮುಂದಿನ ಭಾನುವಾರ ವಡೋದರಾದ ಸಭಾಂಗಣದಲ್ಲಿ ಮೂವರೂ ಕುರ್ಚಿಯ ತುದಿಯಲ್ಲಿ ಕೂತರು. ಹಾಡು ಶುರುವಾದಾಗ ಮುಂದಿನ ಸಾಲಿನ ಹೆಂಗಸೊಬ್ಬರು ಪಕ್ಕದವರಿಗೆ, 'ಜೋಗುಳ ಇರಬೇಕು ರೀ,' ಎಂದರು. ಸ್ಕಂದನ ಸರದಿ ಬಂತು. ಮೊದಲ ಐದು ಆವರ್ತ ಸರಿಯಾಗಿ ಹೋದವು. ಆರನೆಯದರಲ್ಲಿ ಒಂದು ತಂತಿ ಬಡಬಡಿಸಿತು. ಅವನು ಏಳಕ್ಕೆ ಹೋದ, ಎಂಟಕ್ಕೂ ಹೋದ. ಚಪ್ಪಾಳೆ ಬಂತು, ಮಿಮಿಕ್ರಿಗೆ ಬರುತ್ತಿದ್ದುದರ ಅರ್ಧದಷ್ಟು.

ಹರಿಪ್ರಸಾದರು ಮೈಕು ಹಿಡಿದು ಹತ್ತಿರ ಬಂದರು. 'ಅನ್ನ ಇನ್ನೂ ಹತ್ತು ನಿಮಿಷ ಅಂತೆ. ಸ್ಕಂದ, ಆ ಮೆಟ್ರೊ ಹೆಂಗಸಿಂದು ಒಂದು ಹಾಕ್ಬಿಡಪ್ಪ.'

ಸಭೆ ಆಗಲೇ ನಗಲು ತಯಾರಾಗಿತ್ತು. ಸ್ಕಂದ ಗಿಟಾರನ್ನು ಮಡಿಲಿನಿಂದ ಇಳಿಸಲಿಲ್ಲ.

'ಇವತ್ತು ಗಂಟಲು ಸರಿ ಇಲ್ಲ ಸರ್,' ಎಂದ.

ಗಂಟಲಿಗೆ ಏನೂ ಆಗಿರಲಿಲ್ಲ.